ಕುರಿಯ ದಾರಿ, ಮೇಕೆಯ ದಾರಿ

ನಮ್ಮ ಮನೆಯ ಹಿತ್ತಿಲ ಬಾಗಿಲು ತೆಗೆದರೆ ಜೋಗಿಮಟ್ಟಿ ಕಾಣುತ್ತಿತ್ತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಅವ್ವನ ಕೈಲಿ ಬೈಸಿಕೊಂಡು ಮುಖ ಊದಿಸಿಕೊಂಡು ಕೂತಾಗ, ಯಾವಾಗಲೂ ಅದು ಎದುರಿಗೇ. ಚಿತ್ರದುರ್ಗದವರಿಗೆ ಬೆಟ್ಟ ಅಂದರೆ ಕೋಟೆ. ನೆಂಟರು ಬಂದರೆ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದೆವು, ಜೋಗಿಮಟ್ಟಿಗೆ ಯಾರನ್ನೂ ಕರೆಯುತ್ತಿರಲಿಲ್ಲ. ನನಗೂ ಅದು ಒಣಹಾಕಿದ ಸೀರೆಯ ಹಿಂದೆ ಕಾಣುವ ಒಂದು ಬೆಟ್ಟ, ಅಷ್ಟೇ ಆಗಿತ್ತು. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಅದನ್ನು ಹತ್ತದಿದ್ದರೆ ನನ್ನ ಬಾಳೇ ಅಲ್ಲಿಗೆ ನಿಂತುಹೋಗುತ್ತದೆ ಅನ್ನುವ ಹಾಗಾಯಿತು.

ಆದದ್ದು ಇಷ್ಟು. ಬೇಸಿಗೆ ರಜೆಯಲ್ಲಿ ಹಿಮಾಲಯದ ಕಡೆ ನಡೆಯುವ ಬೆಟ್ಟ ಹತ್ತುವ ಶಿಬಿರಕ್ಕೆ ನಮ್ಮ ಕಾಲೇಜಿನಿಂದ ಹುಡುಗಿಯರನ್ನೂ ಕಳಿಸುತ್ತಾರೆ ಎಂದು ಗೊತ್ತಾಯಿತು. ಕೇಳಿದ ಗಳಿಗೆಯಿಂದ ನನಗೆ ಊಟ ರುಚಿಸಲಿಲ್ಲ. ಹೋಗಲೇಬೇಕು ಎಂದು ಮನಸ್ಸಿಗೆ ಹತ್ತಿಬಿಟ್ಟಿತು. ನಮ್ಮ ವ್ಯಾಯಾಮದ ಮೇಡಂ ಮಾತ್ರ ಸುಲಭಕ್ಕೆ ಜಗ್ಗುವವರಲ್ಲ. "ಮೊದಲು ಇಲ್ಲೇ ಯಾವುದಾದರೂ ಬೆಟ್ಟವನ್ನು ಒಂದು ದಿನ ಪೂರ್ತಿ ಹತ್ತಿ ಇಳಿದು ಬನ್ನಿ. ಜೀಪು ಹತ್ತುವ ದಾರಿಯಲ್ಲಿ ಹತ್ತಿದರೆ ಲೆಕ್ಕಕ್ಕಿಲ್ಲ. ಕಾಲು ನಡುಗಬೇಕು. ಆಮೇಲೂ ಆಸೆ ಉಳಿದಿದ್ದರೆ, ಮನೆಯಲ್ಲಿ ಒಪ್ಪಿದರೆ, ಸೋಮವಾರ ಬಂದು ಹೇಳಿ" ಅಂದರು.

ಆಸೆಯ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಇದ್ದದ್ದೆಲ್ಲ ಅಪ್ಪನ ಬಗ್ಗೆ. ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೂಟೆ ತೂಗಿಸುವ ಕೆಲಸದಲ್ಲಿದ್ದ. ಅವನಿಗೆ ಮಕ್ಕಳ ಮುಖ ನೋಡಿ 'ಇಲ್ಲ' ಅನ್ನುವುದಕ್ಕೆ ಬರುತ್ತಿರಲಿಲ್ಲ. ಅದರ ಬದಲು ಷರತ್ತು ಹಾಕುತ್ತಿದ್ದ. ಅವ್ವ ನೇರವಾಗಿ ಇಲ್ಲ ಅಂದುಬಿಡುತ್ತಿದ್ದಳು, ಅದು ಎಷ್ಟೋ ವಾಸಿ; ಅವಳೊಂದಿಗೆ ಜಗಳವಾಡಬಹುದಿತ್ತು. ಅಪ್ಪನ ಷರತ್ತಿನೊಂದಿಗೆ ಜಗಳವಾಡುವುದು ಹೇಗೆ? ನಾನು ಕೇಳಿದಾಗ ಅವನು ಎಲೆ ಅಡಿಕೆ ಮಡಚುತ್ತ, "ಭಾನುವಾರ ನನ್ನ ಕಣ್ಣೆದುರಿಗೆ ಹತ್ತು. ದೀಪ ಹಚ್ಚೋ ಹೊತ್ತಿಗೆ ಮನೆ ಸೇರ್ಬೇಕು. ಆಮೇಲೆ ನೋಡಾಣ" ಅಂದ. ಅವ್ವ ಒಲೆಯ ಮುಂದಿನಿಂದಲೇ, "ನೋಡೋದೇನೈತೆ ಅದ್ರಾಗೆ?" ಅಂದಳು.

ಯಾವ ಬೆಟ್ಟ ಎಂಬುದೇ ಮೊದಲ ಜಗಳ. ಅವ್ವನ ತವರು ಹೊಸದುರ್ಗದ ಕಡೆ. ಹತ್ತುವುದಾದರೆ ಹೊಸದುರ್ಗದ ಕೋಟೆಬೆಟ್ಟವನ್ನೇ ಹತ್ತಬೇಕು, ಕೆಳಗೆ ಇಳಿದರೆ ಅಜ್ಜಿಯ ಮನೆಯಲ್ಲಿ ಬಿಸಿ ಊಟ ಸಿಗುತ್ತದೆ ಎಂದು ಅವಳ ವಾದ. ಬೆಟ್ಟಕ್ಕೂ ಊಟಕ್ಕೂ ಏನು ಸಂಬಂಧ ಎಂದು ನಾನು ರೇಗಿದೆ. ಅಪ್ಪನಿಗೆ ಹಿರಿಯೂರು ಕಡೆಯ ಮಾರಿಕಣಿವೆಯ ಬೆಟ್ಟಗಳ ಮೇಲೆ ಮೋಹ, ಅವನು ಹುಟ್ಟಿದ ಹಟ್ಟಿ ಆದಿವಾಲದ ಹತ್ತಿರ. ಪಕ್ಕದ ಮನೆಯ ಅಜ್ಜಿ ಹೊಳಲ್ಕೆರೆಯವಳು, ಯಾರೂ ಕೇಳದಿದ್ದರೂ ಬಂದು ತನ್ನ ಊರಿನ ಗುಡ್ಡಗಳ ಪರವಾಗಿ ಮಾತಾಡಿ ಹೋದಳು. ಕೊನೆಗೆ ಬಸ್ಸಿನಲ್ಲೇ ಅರ್ಧ ದಿನ ಕಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಬಿದ್ದುಹೋಗಿ, ಹಿತ್ತಿಲ ಜೋಗಿಮಟ್ಟಿಯೇ ಗೆದ್ದಿತು.

ಇನ್ನು ಯಾವ ದಾರಿ? ಊರಿನಿಂದ ಆಡುಮಲ್ಲೇಶ್ವರದ ಮೇಲೆ ಹಾದು ನೆತ್ತಿಯ ಫಾರೆಸ್ಟ್ ಬಂಗಲೆಯವರೆಗೆ ಜೀಪಿನ ರಸ್ತೆ ಇತ್ತು. ಅವ್ವ ಅದನ್ನೇ ಹಿಡಿಯಿರಿ ಅಂದಳು. ಸುಸ್ತಾದರೆ ಆಡುಮಲ್ಲೇಶ್ವರದಲ್ಲಿ ಕೈಮುಗಿದು ವಾಪಸು ಬರಬಹುದಲ್ಲ, ಅದು ಅವಳ ಉಪಾಯ. ಆ ದಾರಿ ಲೆಕ್ಕಕ್ಕಿಲ್ಲ ಎಂದು ಮೇಡಂ ಹೇಳಿಬಿಟ್ಟಿದ್ದರು. ಬೇರೆ ದಾರಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಕಂಬಳಿ ಮಾರಲು ದೊಡ್ಡಪ್ಪ ಊರಿಗೆ ಬಂದ. ಅಪ್ಪನ ಒಬ್ಬನೇ ಅಣ್ಣ, ಇನ್ನೂ ಕುರಿ ಮೇಯಿಸುತ್ತ ಹಟ್ಟಿಯಲ್ಲೇ ಇದ್ದವನು. ಅವನು ಜಗಲಿಯಲ್ಲಿ ಕೋಲು ಒರಗಿಸುತ್ತಿದ್ದ ಹಾಗೆಯೇ ಅಪ್ಪನ ಮುಖ ಅರಳಿತು. "ಅಣ್ಣ ಬಂದ, ಇನ್ನೇನು ಯೋಚ್ನೆ. ಅವನು ನಡೀದಿರೋ ಬೆಟ್ಟ ಯಾವುದೈತೆ?" ಅಂದ.

ನಾವೆಲ್ಲ ದೊಡ್ಡಪ್ಪನ ಸುತ್ತ ಕೂತೆವು. ಅವನು ಇದ್ದಿಲ ಚೂರು ತೆಗೆದುಕೊಂಡು ಜಗಲಿಯ ಕಲ್ಲಿನ ಮೇಲೆ ಜೋಗಿಮಟ್ಟಿಯನ್ನು ಮಲಗಿದ ಎಮ್ಮೆಯ ಹಾಗೆ ಬರೆದ. ಅದರ ಸುತ್ತ ಒಂದು ಗೆರೆ ಎಳೆದ. "ಇಲ್ಲಿ ನೀರೈತೆ. ಇಲ್ಲಿ ನೆಳ್ಳೈತೆ. ಈ ಕಡೆ ಮಳೆ ಬಂದು ಹುಲ್ಲು ಮೊಣಕಾಲುದ್ದ ಐತೆ. ಬೆಳಿಗ್ಗೆ ಬಿಸ್ಲಿಗೆ ಬೆನ್ನು ಕೊಟ್ಟು ನಡೀಬೇಕು, ಮಧ್ಯಾಹ್ನ ತಿರುಗ್ಬೇಕು. ಕಾಲು ನೋಯಂಗಿಲ್ಲ, ಹೊಟ್ಟೆ ಹಸಿಯಂಗಿಲ್ಲ" ಅಂದ. ಎಷ್ಟು ಖಚಿತವಾಗಿ ಹೇಳಿದನೆಂದರೆ ಅವ್ವನೂ ತಲೆದೂಗಿದಳು. ಯಾರ ಹೊಟ್ಟೆ ಎಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. ನೆತ್ತಿಗೆ ಹೋಗಿದ್ದೀಯಾ ಎಂದೂ ಯಾರೂ ಕೇಳಲಿಲ್ಲ. ಅವನು ಯಾವತ್ತೂ ಹೋಗಿರಲಿಲ್ಲ. ನೆತ್ತಿಯ ಮೇಲೆ ಬರೀ ಗಾಳಿ ಮತ್ತು ಬಂಡೆ, ಕುರಿಗೆ ಅಲ್ಲೇನು ಕೆಲಸ? ಅವನ ಪಾಲಿಗೆ ಒಳ್ಳೆಯ ದಾರಿ ಅಂದರೆ ಮಂದೆ ಮೇಯುತ್ತ ಹೋಗಿ ಮೇಯುತ್ತ ಬರುವ ದಾರಿ.

ಭಾನುವಾರ ಬೆಳಕು ಹರಿಯುವ ಮುಂಚೆ ಹೊರಟೆವು. ಅವ್ವ ರಾಗಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಡಿಗೆ ಮೊಸರನ್ನ, ಸಾಲದೆಂದು ಒಂದು ಚೀಲ ಮಂಡಕ್ಕಿ ಕಟ್ಟಿದ್ದಳು. ಬುತ್ತಿಯನ್ನು ದೊಡ್ಡಪ್ಪ ಹೊತ್ತ. ನಾನು ಆಟದ ಕ್ಯಾನ್ವಾಸ್ ಶೂ ಹಾಕಿ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಓಣಿ ದಾಟುವವರೆಗೆ ಅವ್ವ, "ಲಂಗ ಇಳಿಬಿಡೇ, ಜನ ನೋಡ್ತಾರೆ" ಎಂದು ಹಿಂದಿನಿಂದ ಪಿಸುಗುಡುತ್ತಲೇ ಬಂದಳು.

ಮೊದಮೊದಲು ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಂಜು ಬಿದ್ದು ಹುಲ್ಲು ಒದ್ದೆಯಾಗಿತ್ತು, ಸೀತಾಫಲದ ಗಿಡಗಳು ಹಣ್ಣು ಬಿಟ್ಟಿದ್ದವು. ದೊಡ್ಡಪ್ಪ ಕೋಲನ್ನು ಕತ್ತಿನ ಹಿಂದೆ ಅಡ್ಡ ಇಟ್ಟು ಎರಡೂ ಕೈ ಅದರ ಮೇಲೆ ಹಾಕಿಕೊಂಡು, ಅವಸರವೇ ಇಲ್ಲದೆ, ನಾಲಗೆಯಲ್ಲಿ ಟ್ರುರ್ರ್ ಎಂದು ಸದ್ದು ಮಾಡುತ್ತ ನಡೆಯುತ್ತಿದ್ದ. ಆಗಾಗ ನಿಂತು ಹಿಂದೆ ತಿರುಗಿ ನಮ್ಮನ್ನು ಎಣಿಸುತ್ತಿದ್ದ. ನಾವಿದ್ದದ್ದೇ ಇಬ್ಬರು. ಅಪ್ಪನೂ ನಾನೂ ಇದ್ದೇವೆ ಎಂದು ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತಿದ್ದ. ನನಗೆ ನಗು ಬರುತ್ತಿತ್ತು. ಅಪ್ಪನೂ ಮಿಲ್ಲಿನ ಧೂಳೆಲ್ಲ ಕೊಡವಿಕೊಂಡವನ ಹಾಗೆ ಹಗುರವಾಗಿದ್ದ. ಹೂವು ಗಿಡಗಳ ಹೆಸರು ನೆನಪು ಮಾಡಿಕೊಳ್ಳುವುದು, ತಪ್ಪಿದರೆ ಅಣ್ಣನನ್ನು ಕೇಳುವುದು, ಇದೇ ಅವನ ಕೆಲಸ.

ಬಿಸಿಲೇರಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಬೆಟ್ಟ ನಮ್ಮ ಎಡಗಡೆಗೇ ಇತ್ತು. ಬೆಳಿಗ್ಗೆಯೂ ಎಡಗಡೆಗೇ ಇತ್ತು. ನಾವು ಇಷ್ಟು ನಡೆದರೂ ಒಂದು ಮಾರು ಎತ್ತರಕ್ಕೆ ಹೋಗಿರಲಿಲ್ಲ, ಎಮ್ಮೆಯ ಹೊಟ್ಟೆ ಬಳಸಿಕೊಂಡು ಬಾಲದ ಕಡೆ ಹೋಗುತ್ತಿದ್ದೆವು. ಹೇಳಿದರೆ ದೊಡ್ಡಪ್ಪ ಹೆಮ್ಮೆಯಿಂದ ಕೈ ಚಾಚಿ, "ಹುಲ್ಲು ನೋಡವ್ವಾ, ಎಂಗೈತೆ!" ಅಂದ. ಹುಲ್ಲನ್ನು ನಾನೇನು ಮಾಡಲಿ? ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬೆನ್ನಿನ ಕಡೆ ಒಂದು ಹಳ್ಳದ ಪಕ್ಕ, ಹೊಂಗೆ ಮರದ ನೆರಳು ಸಿಕ್ಕಿತು. ಬುತ್ತಿ ಬಿಚ್ಚಿ ಉಂಡೆವು. ನಾನು ಎದ್ದು ನಿಂತೆ. ದೊಡ್ಡಪ್ಪ ಕಂಬಳಿ ಹಾಸಿ ಮಲಗಿದ. "ಬಿಸ್ಲು ಇಳೀಲಿ. ಈ ಹೊತ್ನಾಗೆ ಮಂದೆ ಎಬ್ಬಿಸಬಾರ್ದು" ಎಂದು ಕಣ್ಣು ಮುಚ್ಚಿದ.

ನನ್ನ ಸಿಟ್ಟು ನೆತ್ತಿಗೇರಿತು. ಅಲ್ಲಿಯವರೆಗೆ ನಮ್ಮ ಮೂವರಲ್ಲಿ ನೆತ್ತಿ ಮುಟ್ಟಿದ್ದು ಅದೊಂದೇ. "ಯಾವ ಮಂದೆ ದೊಡ್ಡಪ್ಪ? ದೀಪದ ಹೊತ್ತಿಗೆ ಮನೇಲಿರ್ಬೇಕು ನಾನು! ಇಲ್ಲ ಅಂದ್ರೆ ಅಪ್ಪ ಕಳಿಸಲ್ಲ" ಎಂದು ಕಾಲು ನೆಲಕ್ಕೆ ಬಡಿದೆ. ಅವನು ಕಣ್ಣು ಬಿಟ್ಟು, ನಿಜವಾಗಿಯೂ ಅಚ್ಚರಿಪಟ್ಟು, "ಮೇಲಕ್ಕೆ ಹೋಗ್ಲೇಬೇಕಾ?" ಅಂದ. ಜಗಲಿಯ ಮೇಲೆ ಅಷ್ಟು ಮಾತಾದರೂ ಅವನ ತಲೆಗೆ ಅದು ಇಳಿದೇ ಇರಲಿಲ್ಲ. ಬೆಟ್ಟಕ್ಕೆ ಹೋಗುವುದೆಂದರೆ ಬೆಟ್ಟದಲ್ಲಿ ಒಂದು ದಿನ ಇದ್ದು ಬರುವುದು ಎಂದುಕೊಂಡಿದ್ದ.

ಹಳ್ಳದಿಂದ ಮೇಲಕ್ಕೆ ನೆಟ್ಟಗೆ ಒಂದು ಕೊರಕಲು ಹೋಗಿತ್ತು. ಬಂಡೆಯ ಮೇಲೆ ಬಂಡೆ, ನಡುನಡುವೆ ಮುಳ್ಳು. ಅದರ ಕೊನೆಗೆ ಆಕಾಶ ಕಾಣುತ್ತಿತ್ತು. "ಇದು?" ಎಂದು ಕೇಳಿದೆ.

"ಅದು ಮೇಕೆ ದಾರಿ. ಕುರಿ ಹೋಗಂಗಿಲ್ಲ."

"ನನ್ನನ್ನ ಮೇಕೆ ಅಂತಾನೇ ಅಂದ್ಕ ದೊಡ್ಡಪ್ಪ."

"ಕಾಲು ಮುರಿತಾವೆ ಕಣವ್ವಾ. ಬ್ಯಾಡ. ಬಿಸ್ಲು ಇಳೀಲಿ, ಸುತ್ತಾಕ್ಕಂಡು ಮನೆಗೆ ಹೋಗಾಣ" ಎಂದು ಅವನು ಅಪ್ಪನ ಕಡೆ ನೋಡಿದ.

ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಪ್ಪ ಅಣ್ಣನ ಮಾತು ಮೀರಿದ್ದನ್ನು ನಾನು ನೋಡಿರಲಿಲ್ಲ, ಅವ್ವನೂ ನೋಡಿರಲಿಲ್ಲ. ತಾತ ಸತ್ತಾಗ ಅಪ್ಪ ಚಿಕ್ಕ ಹುಡುಗ. ದೊಡ್ಡಪ್ಪನೇ ಉಣ್ಣೆ ಕತ್ತರಿಸಿ ಮಾರಿ ಅವನನ್ನು ಓದಿಸಿದ್ದು, ಊರಿಗೆ ತಂದು ಕೆಲಸಕ್ಕೆ ಸೇರಿಸಿದ್ದು, ಹೊಸದುರ್ಗಕ್ಕೆ ಹೋಗಿ ಅವ್ವನನ್ನು ನೋಡಿ ಒಪ್ಪಿದ್ದೂ ಅವನೇ. ಅಣ್ಣ ಕೂರು ಅಂದರೆ ಕೂರುವವನು ಅಪ್ಪ. ಅವನು ಕೊರಕಲನ್ನು ನೋಡಿದ, ನನ್ನನ್ನು ನೋಡಿದ. ಅಣ್ಣನ ಮುಖವನ್ನು ಮಾತ್ರ ನೋಡಲಿಲ್ಲ. ಪಂಚೆ ಮೇಲಕ್ಕೆ ಕಟ್ಟುತ್ತ, "ಅಣ್ಣಾ, ನೀನು ಬುತ್ತಿ ನೋಡ್ಕಂಡು ಇಲ್ಲೇ ಇರು. ನಾವು ಹೋಗಿ ಬಂದ್ಬಿಡ್ತೀವಿ" ಅಂದ. ದೊಡ್ಡಪ್ಪ ಎದ್ದು ಕೂತು ಬುತ್ತಿಯ ಗಂಟನ್ನು ಬಿಗಿಯಾಗಿ ಕಟ್ಟಿ ತೊಡೆಯ ಪಕ್ಕ ಇಟ್ಟುಕೊಂಡ.

ಹತ್ತತೊಡಗಿದೆವು. ಮೇಡಂ ಹೇಳಿದ ಹಾಗೆ ಕಾಲು ನಡುಗಿದವು. ಬಂಡೆ ಕಾದು ಅಂಗೈ ಸುಡುತ್ತಿತ್ತು. ಒಂದು ಕಡೆ ಕಾಲಿಡಲು ಜಾಗವಿಲ್ಲದೆ ಮೊಣಕಾಲಲ್ಲೇ ತೆವಳಿದೆ, ಲಂಗ ಕಾರೆ ಮುಳ್ಳಿಗೆ ಸಿಕ್ಕಿ ಪರ್ರೆಂದಿತು. ಇಷ್ಟಾದರೂ ಒಳಗೆ ಒಂದೇ ಸಮ ಖುಷಿ. ಕೈ ಎಲ್ಲಿ ಇಡಬೇಕು, ಕಾಲು ಎಲ್ಲಿ ಊರಬೇಕು ಎಂದು ಯಾರೂ ಹೇಳಿಕೊಡದೆ ನನಗೇ ತಿಳಿಯುತ್ತಿತ್ತು. ಹಿಂದೆ ಅಪ್ಪನ ಉಸಿರು ಕೇಳುತ್ತಿತ್ತು. ಹುಡುಗನಾಗಿದ್ದಾಗ ಇಂಥ ಬಂಡೆಗಳ ಮೇಲೆ ಓಡಾಡಿದವನೇ. ಆದರೆ ಮಿಲ್ಲಿನ ತಕ್ಕಡಿಯ ಮುಂದೆ ನಿಂತೂ ನಿಂತೂ ಮೊಣಕಾಲು ಹೋಗಿದ್ದವು. ನಾನು ನಿಂತು ಕಾದರೆ, "ನಡಿ ನಡಿ, ನಾನು ಬತ್ತೀನಿ" ಎಂದು ರೇಗುತ್ತಿದ್ದ.

ಕೊರಕಲು ಮುಗಿದಲ್ಲಿ ಚಪ್ಪಟೆ ಬಂಡೆಯೊಂದು ಸಿಕ್ಕಿತು. ಅಲ್ಲಿ ನಿಂತರೆ ಮೇಲೆ ಹುಲ್ಲಿನ ಏರು, ಅದರ ತುದಿಗೆ ಬಂಗಲೆಯ ಹೆಂಚು ಕಾಣುತ್ತಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ತಿರುಗಿ ನೋಡಿದರೆ ಅಪ್ಪ ಕೆಳಗೆ ನೋಡುತ್ತಿದ್ದ. ಬಹಳ ಆಳದಲ್ಲಿ ಹೊಂಗೆ ಮರ, ಅದರ ಬುಡದಲ್ಲಿ ಕಂಬಳಿಯ ಕಪ್ಪು.

"ತಪ್ಪಾತು ಕಣವ್ವಾ" ಅಂದ. "ಅಣ್ಣಂಗೆ ಮನೆಗೆ ಹೋಗು ಅನ್ಬೇಕಿತ್ತು. ಇಲ್ಲೇ ಇರು ಅಂದ್ಬಿಟ್ಟೆ."

ಬೇರೆಯವರಿಗೆ ಇದು ಅರ್ಥವಾಗಲಿಕ್ಕಿಲ್ಲ, ನನಗೆ ತಟ್ಟನೆ ಅರ್ಥವಾಯಿತು. ಕುರಿಯವರಲ್ಲಿ ತಂಗಿದ ಜಾಗದಲ್ಲಿ ಬುತ್ತಿ ಮತ್ತು ಮರಿಗಳನ್ನು ಕಾಯಲು ಒಬ್ಬ ಉಳಿಯುತ್ತಾನೆ. ಹೋದವರೆಲ್ಲ ಬಂದು ಎಣಿಕೆ ಸರಿಹೋಗುವವರೆಗೆ ಅವನು ಏಳುವ ಹಾಗಿಲ್ಲ. ಅಪ್ಪ ಹುಡುಗನಾಗಿದ್ದಾಗ ಒಮ್ಮೆ ಆಟವಾಡುತ್ತ ಯಾರದೋ ಗಾಡಿ ಹತ್ತಿ ಹಟ್ಟಿಗೆ ಹೋಗಿಬಿಟ್ಟಿದ್ದನಂತೆ. ದೊಡ್ಡಪ್ಪ ಮಳೆಯಲ್ಲಿ ಮರಿಗಳನ್ನು ಕಂಬಳಿಯೊಳಗೆ ಹಾಕಿಕೊಂಡು, ತಮ್ಮ ಬರುತ್ತಾನೆಂದು ಬೆಳಗಿನವರೆಗೆ ಕೂತಿದ್ದನಂತೆ. ಆ ಕಥೆ ಹೇಳುವಾಗೆಲ್ಲ ಅಪ್ಪನ ದನಿ ಇಳಿಯುತ್ತಿತ್ತು. ಈಗಲೂ ನಾವು ನೆತ್ತಿ ಹತ್ತಿ ಜೀಪಿನ ರಸ್ತೆಯಲ್ಲಿ ಇಳಿದರೆ ದೀಪದ ಹೊತ್ತಿಗೆ ಮನೆ ಸೇರಬಹುದು, ಆದರೆ ದೊಡ್ಡಪ್ಪ ಅಲ್ಲಿಂದ ಏಳುವುದಿಲ್ಲ. ಅವನನ್ನು ಕರೆದುಕೊಂಡು ಬರಲು ಕತ್ತಲಾಗುವುದರೊಳಗೆ ಹಳ್ಳಕ್ಕೆ ಇಳಿಯಬೇಕು, ಈಗಲೇ ತಿರುಗಬೇಕು. ತಿರುಗಿದರೆ ನೆತ್ತಿ ಇಲ್ಲ, ದೀಪದ ಹೊತ್ತಿಗೆ ಮನೆ ಇಲ್ಲ, ಹಿಮಾಲಯ ಇಲ್ಲ.

ಅಪ್ಪ ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಅವನ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು ಎಂದು, "ನಡಿಯಪ್ಪಾ, ಇಳಿಯಾಣ" ಎಂದು ತಿರುಗಿದೆ. ಕಣ್ಣಲ್ಲಿ ನೀರು ತುಂಬಿ ಬಂಡೆ ಸರಿಯಾಗಿ ಕಾಣುತ್ತಿರಲಿಲ್ಲ. ಆ ಸಿಟ್ಟು ದೊಡ್ಡಪ್ಪನ ಮೇಲೋ ಹುಲ್ಲಿನ ಮೇಲೋ ತಿಳಿಯಲಿಲ್ಲ.

"ನಿಂತ್ಕ" ಅಂದ ಅಪ್ಪ. ಬಂಡೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ. "ನೀನು ಹತ್ತು."

"ಒಬ್ಬಳೇನಾ?"

"ಊಂ. ಬಂಗಲೆ ಕಾಣ್ತೈತೆ. ನೀನು ಮೇಲೆ ಸೇರೋವರ್ಗೂ ಇಲ್ಲೇ ನೋಡ್ತಿರ್ತೀನಿ. ಅಲ್ಲಿಂದ ಸೌದೆ ಹೊರೋ ಹೆಂಗಸ್ರು ಊರಿಗೆ ಇಳೀತಿರ್ತಾರೆ. ಅವ್ರ ಜೊತೆಗೆ ಹೋಗು. ನಾನು ಅಣ್ಣನ ಕರ್ಕಂಡು ಬೆಳಿಗ್ಗೆ ಬತ್ತೀನಿ."

"ಕಣ್ಣೆದುರಿಗೆ ಅಂದಿದ್ಯಲ್ಲಪ್ಪಾ?"

"ಹತ್ತು ಅಂದ್ರೆ ಹತ್ತು!" ಎಂದು ಗದರಿದ. ನನ್ನನ್ನು ಅವನು ಗದರಿದ್ದೇ ಅಪರೂಪ.

ಹತ್ತಿದೆ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡಿದೆ. ನೋಡಿದಾಗೆಲ್ಲ ಅವನು ಎದ್ದು ನಿಂತೇ ಇದ್ದ, ಕೈ ಮೇಲಕ್ಕೆ ಬೀಸಿ ಹೋಗು ಹೋಗು ಅನ್ನುತ್ತಿದ್ದ. ಹುಲ್ಲಿನ ಏರು ಮುಗಿದು ಬಂಗಲೆಯ ಕಟ್ಟೆ ಮುಟ್ಟಿದಾಗ ಗಾಳಿ ನನ್ನನ್ನು ತಳ್ಳುವಷ್ಟು ಜೋರಾಗಿತ್ತು. ಒಂದು ಕಡೆ ನಮ್ಮ ಊರು, ಇನ್ನೊಂದು ಕಡೆ ದೂರದಲ್ಲಿ ಏನೋ ಹೊಳೆಯುತ್ತಿತ್ತು. ಮಾರಿಕಣಿವೆ ಅಣೆಕಟ್ಟಿನ ನೀರು ಎಂದು ಬಂಗಲೆಯ ಕಾವಲಿನವನು ಹೇಳಿದ. ಇರಬಹುದು, ನಾನು ಅದನ್ನು ಸರಿಯಾಗಿ ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಚಪ್ಪಟೆ ಬಂಡೆಯನ್ನು. ನಾನು ಎರಡೂ ಕೈ ಎತ್ತಿ ಬೀಸಿದೆ. ಅಪ್ಪ ಒಂದು ಗಳಿಗೆ ನಿಂತು, ಆಮೇಲೆ ಬೆನ್ನು ತಿರುಗಿಸಿ ಕೊರಕಲಿಗೆ ಇಳಿದ. ಅವನಿಗೆ ಕಾಲು ನೋಯುತ್ತಿದೆಯೆಂದು ಅಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು. ಅಪ್ಪನ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ಸೌದೆಯ ಹೆಂಗಸರು ಸಿಕ್ಕರು. ಹರಿದ ಲಂಗ ನೋಡಿ, "ಯಾರ ಮಗಳವ್ವಾ ನೀನು, ಕರಡಿ ಹಿಡ್ಕಂಡಿತ್ತಾ?" ಎಂದು ನಗಾಡಿದರು. ಅವರು ತಲೆಯ ಮೇಲೆ ಹೊರೆ ಹೊತ್ತೂ ನನಗಿಂತ ಬೇಗ ನಡೆಯುತ್ತಿದ್ದರು, ಹಿಂದೆ ಬಿದ್ದಾಗ ನಿಂತು ಕಾದರು. ಅವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ನಾನು ಹೊಸಿಲು ತುಳಿದೆ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಅವಳ ಕೈಲಿದ್ದ ಎಣ್ಣೆ ಚೆಲ್ಲಿತು. ವಿಷಯ ತಿಳಿದ ಮೇಲೆ ಅವಳು ನನಗೆ ಒಂದು ಮಾತೂ ಬೈಯಲಿಲ್ಲ. ಬೈಗುಳವನ್ನೆಲ್ಲ ಬೆಳಿಗ್ಗೆಗೆ ಕೂಡಿಟ್ಟುಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಾಯಿತು.

ಅಣ್ಣ ತಮ್ಮ ಇಬ್ಬರೂ ಬೆಟ್ಟದಾಚೆಯ ಒಂದು ಹಳ್ಳಿಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಬಿಸಿಲೇರುವ ಮುಂಚೆ ಬಂದರು. ಅಪ್ಪ ಕುಂಟುತ್ತಿದ್ದ. ಓಣಿಯ ತಿರುವಿನಲ್ಲೇ ನನ್ನನ್ನು ಹುಡುಕಿ ನೋಡಿ, ನಾನು ಕಂಡ ಮೇಲೆ ಬೇರೆ ಕಡೆ ನೋಡಿದ. ಅವ್ವ ಅವನನ್ನು ಒಳಗೂ ಬಿಡಲಿಲ್ಲ.

"ಹೆಣ್ಣು ಹುಡುಗಿನ ಕಾಡಿನಾಗೆ ಒಬ್ಬಳನ್ನೇ ಬಿಟ್ಟು ಬಂದ್ರಲ್ಲ, ನೀವೆಂಥ ಅಪ್ಪ? ಅವಳನ್ನ ಪರೀಕ್ಷೆ ಮಾಡಾಕೆ ಇದೊಂದೇ ಇದ್ದಿದ್ದಾ?"

ಅಪ್ಪ ಕಾಲು ತೊಳೆಯಲು ಚೊಂಬು ಕೈಗೆತ್ತಿಕೊಂಡಿದ್ದ. "ಅವಳ ಪರೀಕ್ಷೆ ಅಲ್ಲ ಕಣೆ. ಅವಳು ಹತ್ತುತಾಳೆ ಅಂತ ಅರ್ಧ ದಾರಿಯಾಗೇ ಗೊತ್ತಾತು. ನಾಳೆ ಅವಳು ಹಿಮಾಲಯದಾಗೆ ಇರ್ತಾಳೆ, ನಾನು ಇಲ್ಲಿರ್ತೀನಿ. ತಡಕಂಡು ಇರಾಕೆ ನನ್ಗೆ ಆಗ್ತೈತಾ ಅಂತ ನೋಡ್ಕಬೇಕಿತ್ತು" ಅಂದ.

"ಆತಾ?" ಅಂದಳು ಅವ್ವ.

ಅಪ್ಪ ಬಗ್ಗಿ ಕಾಲಿಗೆ ನೀರು ಹಾಕಿಕೊಳ್ಳತೊಡಗಿದ. ಉತ್ತರ ಬಂದದ್ದು ಜಗಲಿಯ ಮೇಲೆ ಕೂತ ದೊಡ್ಡಪ್ಪನಿಂದ.

"ಎಲ್ಲಾತು? ರಾತ್ರಿಯೆಲ್ಲ ಎದ್ದು ಕುಂತಿದ್ದ, ನನ್ನೂ ಮಲಗಾಕೆ ಬಿಡ್ಲಿಲ್ಲ. ಮನೆ ಸೇರಿದ್ಲೋ ಇಲ್ವೋ, ಮನೆ ಸೇರಿದ್ಲೋ ಇಲ್ವೋ, ಇದೇ ಜಪ. ಆದ್ರೂ ಕಳಿಸ್ತಾನಂತೆ."

ನನಗೆ ಕುಣಿಯಬೇಕೆನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವ್ವ ಸ್ವಲ್ಪ ಹೊತ್ತು ಅಪ್ಪನ ಬೆನ್ನನ್ನೇ ನೋಡುತ್ತ ನಿಂತಿದ್ದು, ರೊಟ್ಟಿಗೆ ಹಿಟ್ಟು ಕಲಸಲು ಒಳಗೆ ಹೋದಳು. ಒಳಗಿನಿಂದ, ಇನ್ನೂ ಸಿಟ್ಟಿನ ದನಿಯಲ್ಲೇ, "ಅಲ್ಲಿ ಚಳಿ ಎಷ್ಟಿರ್ತೈತಂತೆ?" ಎಂದು ಕೇಳಿದಳು.